ಎಂಜಲು ಲಾಳಿ

ಜಮಖಂಡಿಯ ದವಾಖಾನೆಯ ಮೆಟ್ಟಿಲುಗಳನ್ನು ಆ ಅಮಾವಾಸ್ಯೆಯ ಮಧ್ಯಾಹ್ನ ವೈಶಾಲಿ ಇಳಿದ ವೇಗ ಕಂಡಿದ್ದರೆ, ಮುಧೋಳದ ಬೇಟೆನಾಯಿಗಳೆಲ್ಲ ನಾಚಿ ಕುರಿ ಕಾಯುವ ಕೆಲಸಕ್ಕೆ ಸೇರಿಬಿಡುತ್ತಿದ್ದವು.

ಚಪ್ಪಲಿ ಮೇಲಿನ ಮಹಡಿಯಲ್ಲೇ ಉಳಿಯಿತು. ಸೆರಗು ಒಂದು ದಿಕ್ಕು, ಚೀಲ ಇನ್ನೊಂದು ದಿಕ್ಕು. ಎದೆಬಡಿತವನ್ನಂತೂ ಕೇಳಲೇಬೇಡಿ... ರಬಕವಿ-ಬನಹಟ್ಟಿಯ ಮಗ್ಗಗಳನ್ನೆಲ್ಲ ಒಂದೇ ಸಲ ಚಾಲೂ ಮಾಡಿದರೂ ಅದರ ಮುಂದೆ ಅವು ಪಿಸುಮಾತು!

ಕೊನೆಯ ಮೆಟ್ಟಿಲಲ್ಲಿ ಅವಳು ಒಬ್ಬ ಗಂಡಸಿನ ಎದೆಗೆ ಡಿಕ್ಕಿ ಹೊಡೆದಳು. ಅವನ ಕೈಯಲ್ಲಿದ್ದ ಬುತ್ತಿಯ ಡಬ್ಬಿ ಹಾರಿತು. ಎಣ್ಣೆಗಾಯಿ ಅರ್ಧ ಜಿಲ್ಲೆಗೆ ಹಂಚಿಹೋಯಿತು.

"ಪೆಟ್ಟಾತೇನ್ರಿ?" ಎಂದನವನು.

ಅವಳು ತಲೆಯೆತ್ತಿದಳು. ಅಲ್ಲೇ ಕಲ್ಲಾದಳು.

ಈಶ್ವರ!

ಬನಹಟ್ಟಿಯಲ್ಲಿ ಅವಳು ದುಡಿಯುವ ಪವರ್‌ಲೂಮ್ ಶೆಡ್ಡಿಗೆ ಮಗ್ಗ ರಿಪೇರಿಗೆಂದು ಹೊಸದಾಗಿ ಸೇರಿದವನು, ಚಿಮ್ಮಡದವನು. ಇಬ್ಬರೂ ಇದುವರೆಗೆ ಒಂದು ಮಾತನ್ನೂ ಆಡಿರಲಿಲ್ಲ. ಅವನ ಕಣ್ಣು ಮೇಲಿನ ಮಹಡಿಯ ಬೋರ್ಡಿನತ್ತ ಹೋಯಿತು, ತಿರುಗಿ ಅವಳ ಮುಖಕ್ಕೆ ಬಂತು. ಆ ಮಹಡಿಯಲ್ಲಿದ್ದುದು ಒಂದೇ ವಿಭಾಗ. ಎಚ್‌ಐವಿ ಇದ್ದವರಿಗೆ ಗುಳಿಗೆ ಕೊಡುವುದು.

ಬನಹಟ್ಟಿಯವರ ಕಣ್ಣಿಗೆ ಬೀಳಬಾರದೆಂದೇ ಅವಳು ಜಮಖಂಡಿಯ ಬಸ್ಸು ಹಿಡಿಯುತ್ತಿದ್ದಳು. ಅಮಾವಾಸ್ಯೆಗೆ ಮಗ್ಗಗಳಿಗೆ ರಜೆ. ಎಲ್ಲಿಗೆ ಹೋದೆ ಎಂದು ಕೇಳುವವರಿಲ್ಲ ಎಂದೇ ಆ ದಿನವನ್ನು ಆರಿಸಿಕೊಳ್ಳುತ್ತಿದ್ದಳು. ಈಗ...?

ಈಶ್ವರನ ಮುಖ ಥಟ್ಟನೆ ಬರಿದಾಯಿತು. ಅವಳನ್ನು ಹುಟ್ಟಿದಾಗಿನಿಂದ ಕಂಡೇ ಇಲ್ಲವೆಂಬಂತೆ ಬಗ್ಗಿ, ರೊಟ್ಟಿ ಆರಿಸತೊಡಗಿದ.

'ಮುಗೀತು. ಇವಂಗ ತಿಳೀತು. ಮುಖಾ ನೋಡಾಕೂ ಹೇಸಿದ...'

ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದಳು ವೈಶಾಲಿ. ಕಾದ ಡಾಂಬರು ಅವಳ ಗಮನಕ್ಕೇ ಬರಲಿಲ್ಲ.

ಹಾಗಾದರೆ ಅವಳು ಮೇಲಿನಿಂದ ಓಡಿ ಬಂದದ್ದು ಯಾರಿಗೆ ಹೆದರಿ? ಡಾಕ್ಟರ್ ಭಕ್ತಿಗೆ ಹೆದರಿ ಎಂದರೆ ಜನ ನಕ್ಕಾರು. ತೇರದಾಳದ ಜೈನರ ಮನೆಯ ಮಗಳು. ಮೈಮೇಲೆ ಕೂತ ಸೊಳ್ಳೆಗೂ 'ಏಳ್ತೀಯೇನವ್ವಾ' ಎಂದು ಕೇಳಿ ಎಬ್ಬಿಸುವ ಜಾತಿ. ಆ ದಿನ ಅವರು ಹೇಳಿದ್ದಿಷ್ಟೇ:

"ವೈಶಾಲಿ, ಮುಟ್ಟು ಅಲ್ಲದಾಗೂ ರಕ್ತ ಹೋಗಾಕತ್ತೈತಿ ಅಂದ್ರಿ. ಗರ್ಭಕೋಶದ ಬಾಯಿ ಒಮ್ಮೆ ನೋಡಬೇಕಾಗತೈತಿ. ಎಚ್‌ಐವಿ ಇದ್ದ ಹೆಣ್ಣಮಕ್ಕಳಿಗೆ ಅಲ್ಲಿ ಕ್ಯಾನ್ಸರ್ ಬರೂ ಭಯ ಹೆಚ್ಚು. ಮೊದಲ ಕಂಡ್ರ ಅಲ್ಲೇ ಸುಟ್ಟ ಒಗೀತೇವಿ. ಬಿಟ್ಟ ಕೂತ್ರ ಜೀವಕ್ಕ ಕುತ್ತು."

ವೈಶಾಲಿ ಹೂಂ ಎಂದಿದ್ದಳು ಕೂಡ. ಅಷ್ಟರಲ್ಲಿ ಪಕ್ಕದ ಖೋಲಿಯಲ್ಲಿ ಯಾರೋ ರಬ್ಬರಿನ ಕೈಗವಸು ಎಳೆದು ಹಾಕಿಕೊಂಡರು. ಚಟ್...

ಆ ಒಂದು ಸದ್ದು. ಆಮೇಲೆ ಅವಳಿಗೆ ಮೆಟ್ಟಿಲೊಂದೇ ಕಂಡಿತ್ತು.

*

ಬನಹಟ್ಟಿಯ ಗಿರಿಮಲ್ಲಪ್ಪ ಸಾವ್ಕಾರರ ಶೆಡ್ಡಿನ ಗದ್ದಲ ಮೂರು ಲೋಕಕ್ಕೆ ಪ್ರಸಿದ್ಧ. ಅಲ್ಲಿ ಹುಟ್ಟಿದ ಹಲ್ಲಿಗಳೂ ಕಿವುಡು ಎನ್ನುತ್ತಾರೆ. ಹಾಗಾಗಿ ಅಲ್ಲಿ ಮಾತೆಲ್ಲ ತುಟಿಯಲ್ಲಿ. ಹೀಗೆ ತುಟಿ ಓದುವುದರಲ್ಲಿ ಹಣಮವ್ವನಿಗೆ ಸಾಟಿಯಿಲ್ಲ. ನಾಲ್ಕು ಮಗ್ಗದಾಚೆಯಿಂದ ನೀವು ಏನು ನೆನೆಸಿದಿರಿ ಎಂಬುದನ್ನೂ ಓದಿ, ಸಂಜೆಯೊಳಗೆ ಓಣಿಗೆಲ್ಲ ಹಂಚುವಾಕೆ.

ವೈಶಾಲಿಯ ಕೆಲಸ ಕಂಡಿಕೆಯೆಂಬ ಪುಟ್ಟ ಕೊಳವೆಗೆ ನೂಲು ಸುತ್ತುವುದು, ಆ ಕಂಡಿಕೆಯನ್ನು ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಗೆ ಹಾಕುವುದು. ಲಾಳಿಯ ಪಕ್ಕದಲ್ಲಿ ಸಾಸಿವೆ ಕಾಳಿನಂಥ ತೂತು. ಅದಕ್ಕೆ ಬಾಯಿಟ್ಟು ಜುರ್ರನೆ ಉಸಿರೆಳೆದರೆ ನೂಲಿನ ತುದಿ ಹೊರಗೆ ಬರುತ್ತದೆ. ಅಲ್ಲಿಯವರೆಲ್ಲ ಹಾಗೇ ಮಾಡುವುದು. ಒಬ್ಬರು ಬಾಯಿಟ್ಟ ಲಾಳಿಗೆ ಮತ್ತೊಬ್ಬರು ಬಾಯಿಡುತ್ತಾರೆ. ಎಂಜಲೆಂಬ ಮಾತೇ ಇಲ್ಲ. ಒಂದು ಕಾಲಕ್ಕೆ ಈ ಉಸಿರೆಳೆತದಲ್ಲಿ ವೈಶಾಲಿಯನ್ನು ಮೀರಿಸುವವರು ಇರಲಿಲ್ಲ. ಅವಳು ಎಳೆದರೆ ನೂಲೇನು, ಮಗ್ಗವೇ ತೂತಿನಿಂದ ಹೊರಗೆ ಬರಬೇಕು.

ಆದರೆ ರೋಗ ಗೊತ್ತಾದ ಮೇಲೆ ಅವಳು ಲಾಳಿಗೆ ಬಾಯಿಟ್ಟಿರಲಿಲ್ಲ.

'ನನ್ನ ಎಂಜಲದಿಂದ ಯಾರಿಗರೆ ಬಂದ್ರ?'

ಎಂಜಲಿಂದ ಬರುವುದಿಲ್ಲವೆಂದು ದವಾಖಾನೆಯಲ್ಲಿ ಮೊದಲ ದಿನವೇ ಹೇಳಿದ್ದರು. ಆ ದಿನ ಅವಳ ಕಿವಿಯೊಳಗೆ ಒಂದು ಅಕ್ಷರವೂ ಇಳಿದಿರಲಿಲ್ಲ. ಆಮೇಲೆ ಕೇಳಲು ಧೈರ್ಯವಾಗಲಿಲ್ಲ. ಗೋಡೆಗೆ ಮುಖ ಮಾಡಿ, ಸೊಟ್ಟ ಮಾಡಿದ ಪಿನ್ನಿನಿಂದ ನೂಲು ಎಳೆಯುತ್ತಿದ್ದಳು. ಪಿನ್ನು ಜಾರಿ ಬೆರಳಿಗೆ ಚುಚ್ಚಿದರೆ ಸಾಕು, ಬೆವೆತು, ಬೆರಳನ್ನು ಸೆರಗಿನಲ್ಲಿ ಬಿಗಿದು, ಲಾಳಿಯನ್ನು ಉಜ್ಜಿ ಉಜ್ಜಿ ಒರೆಸುತ್ತಿದ್ದಳು.

"ಹಲ್ಲ ನೋಯಾಕತ್ತಾವ" ಎಂಬುದು ಅವಳ ನೆವ. ಇಷ್ಟು ದಿನ ನೋಯುವ ಹಲ್ಲು ಜಗತ್ತಿನಲ್ಲಿ ಬೇರೆ ಯಾರಿಗೂ ಇಲ್ಲ.

ಅಮಾವಾಸ್ಯೆ ಕಳೆದು ಶೆಡ್ಡಿಗೆ ಬಂದವಳು ಒಬ್ಬೊಬ್ಬರ ಮುಖವನ್ನೂ ಕದ್ದು ನೋಡಿದಳು. ಈಶ್ವರ ಯಾರಿಗೆ ಹೇಳಿರಬಹುದು? ಹಣಮವ್ವ ಯಾಕೆ ನಕ್ಕಳು?

ಆದರೆ ಏನೂ ಆಗಲಿಲ್ಲ. ಈಶ್ವರ ಯಾರಿಗೂ ಹೇಳಿರಲಿಲ್ಲ. ಅವಳತ್ತ ನೋಡಲೂ ಇಲ್ಲ. ಮೊದಲು ಅವಳ ಮೂಲೆಗೆ ಬಂದರೆ ತಲೆಯಾಡಿಸಿ ಹೋಗುತ್ತಿದ್ದವನು ಈಗ ಆ ಕಡೆ ಸುಳಿದರೆ ಕಣ್ಣನ್ನು ಸೀದಾ ಛಾವಣಿಗೆ ಏರಿಸುತ್ತಿದ್ದ.

'ಇಷ್ಟ ಅಸಹ್ಯ ಏನ ನಾನು?' ಎಂದುಕೊಂಡಳು. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ. ಯಾಕೆಂದರೆ... ಹೇಳಿಬಿಡೋಣ, ಅವಳೇ ಒಪ್ಪಿಕೊಳ್ಳದ ಗುಟ್ಟಿದು. ಆ ತಲೆಯಾಡಿಕೆಗೆ ಅವಳು ಮುಂಜಾನೆಯಿಂದ ಕಾಯುತ್ತಿದ್ದಳು.

ಇತ್ತ ರಕ್ತ ಹೋಗುವುದು ಮಾತ್ರ ನಿಂತಿರಲಿಲ್ಲ. ಕಪ್ಪು ಸೀರೆಯನ್ನೇ ಉಡುತ್ತಿದ್ದಳು. ದವಾಖಾನೆಯ ಫೋನು ಬಂದರೆ ಕತ್ತರಿಸುತ್ತಿದ್ದಳು. 'ಸತ್ರ ಸಾಯ್ತೇನಿ. ಆ ಖೋಲಿಗೆ ಮಾತ್ರ ಹೋಗೂದಿಲ್ಲ.'

*

ಮುಂದಿನ ಅಮಾವಾಸ್ಯೆಗೆ ಒಂದು ದಿನ ಮೊದಲು ಅವಳು ಕೂಡುವ ಜಾಗದಲ್ಲಿ ನೂಲು ಎಳೆಯುವ ಹೊಸದೊಂದು ಕೊಂಡಿ ಇತ್ತು. ಸೈಕಲ್ಲಿನ ಕಡ್ಡಿಯನ್ನು ಅರದಿಂದ ತಿಕ್ಕಿ ತಿಕ್ಕಿ ಕೂದಲಿನಷ್ಟು ಸಣ್ಣ ಮಾಡಿ, ಹಿಡಿಕೆಗೆ ಬಣ್ಣದ ನೂಲು ಸುತ್ತಿದ್ದು. ಅಂಥ ನಯದ ಕೆಲಸ ನೋಡಿದರೆ ಅಕ್ಕಸಾಲಿಗರು ಅಂಗಡಿ ಮುಚ್ಚಿ ಮನೆಗೆ ಹೋಗಬೇಕು.

ಈ ಕೆಲಸ ಮಾಡುವ ಕೈ ಶೆಡ್ಡಿನಲ್ಲಿ ಒಂದೇ.

ಯಾರಾದರೂ ಅದರಲ್ಲಿ ಪ್ರೀತಿ ಕಂಡಾರು. ವೈಶಾಲಿ ಕಂಡದ್ದು ಬೇರೆ.

'ನನ್ನ ಬಾಯಿ ಅಪ್ಪಿತಪ್ಪಿನೂ ಲಾಳಿಗಿ ತಾಗಬಾರ್ದಂತ ಬಂದೋಬಸ್ತ ಮಾಡ್ಯಾನ...'

ಕಣ್ಣು ಕತ್ತಲಿಟ್ಟಿತು. ಎದ್ದಳು. ಒಂದು ಲಾಳಿ ಎತ್ತಿ, ಎಷ್ಟೋ ಕಾಲದ ಮೇಲೆ, ಸಿಟ್ಟಿನಲ್ಲಿ, ಅದಕ್ಕೆ ಬಾಯಿಟ್ಟು ಉಸಿರೆಳೆದಳು. ನೂಲು ಬಂತು. ಅದನ್ನೂ ಕೊಂಡಿಯನ್ನೂ ಹಿಡಿದು ಈಶ್ವರ ಬಿಚ್ಚಿಟ್ಟಿದ್ದ ಮಗ್ಗದ ಹತ್ತಿರ ಹೋದಳು. ಹಣಮವ್ವನಿಗೆ ತುಟಿ ಕಾಣದಂತೆ ಬೆನ್ನು ತಿರುಗಿಸಿ ನಿಂತು, ಗದ್ದಲವನ್ನು ಮೀರಿ ಕೂಗಿದಳು:

"ಇಷ್ಟ ಹೆದರಿಕಿ ಇದ್ರ ಬಾಯಿ ಬಿಟ್ಟ ಹೇಳ್ಬೇಕಾಗಿತ್ತು. ನನ್ನ ಎಂಜಲ ಲಾಳಿಗಿ ತಾಗಬಾರ್ದಂತ ಈ ಕೊಂಡಿ ಮಾಡಿ ಇಟ್ರೇನು?"

'ಎಂಜಲ' ಎಂಬ ಮಾತಿಗೆ ಸರಿಯಾಗಿ ಕರೆಂಟು ಹೋಯಿತು.

ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಉಳಿದ ಮಾತು ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬಡಿಯಿತು. ಎಲ್ಲರೂ ತಿರುಗಿದರು. ಸಾವ್ಕಾರರು ಕನ್ನಡಕ ಏರಿಸಿದರು.

ವೈಶಾಲಿಯ ರಕ್ತ ತಣ್ಣಗಾಯಿತು. 'ನಾನ ನನ್ನ ಕೈಯಾರೆ ಸಾರಿಬಿಟ್ನಲ್ಲ...'

ಈಶ್ವರ ಎಣ್ಣೆಗೈಯನ್ನು ಅಂಗಿಗೆ ಒರೆಸಿಕೊಂಡ. ಒಂದು ತಿಂಗಳ ಮೇಲೆ ಮೊದಲ ಸಲ ಅವಳನ್ನು ನೋಡಿದ.

"ನಿಮ್ಮ ಬೆರಳು ಸೋರೂದ ನೋಡಾಕ ಆಗಲಿಲ್ಲ ನನಗ. ಅದಕ್ಕ ಮಾಡೀನಿ" ಎಂದ. "ಎಂಜಲಕ್ಕ ಅಲ್ಲ."

ಅವಳ ಕೈಯಿಂದ ಲಾಳಿ ತೆಗೆದುಕೊಂಡ. ಅವಳು ಎಳೆದಿದ್ದ ನೂಲನ್ನು ಒಳಗೆ ಬಿಟ್ಟ. ಅವಳ ತುಟಿ ಈಗಷ್ಟೇ ತಾಗಿದ್ದ ಜಾಗಕ್ಕೇ ಬಾಯಿಟ್ಟ, ಅವಳ ಕಣ್ಣು ನೋಡುತ್ತ, ಜುರ್ರನೆ ಎಳೆದ.

ಹೀಗೆ ಎಳೆದದ್ದು ಅರ್ಧ ಕ್ಷಣ. ವೈಶಾಲಿಗೆ ಅದು ಅರ್ಧ ಯುಗ.

ಹಣಮವ್ವ ಕೆನ್ನೆಗೆ ಕೈಯಿಟ್ಟಳು. "ಅಯ್ಯ ಶಿವನ. ಲಗ್ನದಾಗ ಗಂಡ ಹೆಂಡತಿ ಎಂಜಲ ತುತ್ತ ತಿನಿಸಿಕೊಳ್ಳೂದ ನೋಡೇನಿ. ಇವ್ರದು ಲಾಳಿ ಮ್ಯಾಲ ಮುಗೀತು ನೋಡ್ರವ್ವಾ."

ಶೆಡ್ಡಿಗೆ ಶೆಡ್ಡೇ ನಕ್ಕಿತು.

"ತಲಿ ಮ್ಯಾಲ ಒಗ್ಯಾಕ ಅಕ್ಕಿಕಾಳ ನಾ ತರ್ಲ್ಯಾ?" ಎಂದರು ಸಾವ್ಕಾರರು. "ಕರೆಂಟ ಬರೂದ್ರಾಗ ಮುಗಸ್ರಿ ಮತ್ತ, ಆರ್ಡರ್ ಐತಿ."

ಜನಕ್ಕೆ ಕಂಡದ್ದು ಬರೀ ಪ್ರೇಮ. ಗುಟ್ಟು ಉಳಿದಿತ್ತು. ಆದರೆ ವೈಶಾಲಿಗೆ ನಗೆ ಕೇಳಿಸಲಿಲ್ಲ, ನಾಚಿಕೆಯೂ ಆಗಲಿಲ್ಲ. ಅವಳ ಮುಖ ಸುಣ್ಣವಾಗಿತ್ತು.

'ಇಂವ ನನ್ನ ಎಂಜಲ ನುಂಗಿದ. ನನ್ನ ಸಿಟ್ಟಿಗೆ ಒಂದ ಜೀವ ಹೋತು...'

*

ಮರುದಿನ ಬನಹಟ್ಟಿಯಿಂದ ಹೊರಟ ಮೊದಲ ಬಸ್ಸಿನಲ್ಲಿ ಅವಳಿದ್ದಳು. ತನ್ನ ಜೀವಕ್ಕಾಗಿ ಹತ್ತಲಾರದ ಮೆಟ್ಟಿಲನ್ನು ಅವನ ಜೀವಕ್ಕಾಗಿ ಎರಡೆರಡಾಗಿ ಹತ್ತಿದಳು.

ಮೇಲೆ ಬೋರವ್ವ ಕೂತಿದ್ದಳು. ಬಂದವರಿಗೆ ಧೈರ್ಯ ಹೇಳುವುದು ಅವಳ ಕೆಲಸ. ಅವಳಿಗೂ ಅದೇ ರೋಗ. ಅದನ್ನು ನೆಗಡಿಯಷ್ಟು ಸಲೀಸಾಗಿ ಹೇಳಿಕೊಳ್ಳುವಾಕೆ.

"ಅಕ್ಕಾರ, ಒಬ್ರು ನನ್ನ ಎಂಜಲ ಲಾಳಿಗಿ ಬಾಯಿ ಹಚ್ಚ್ಯಾರ. ಈಗಿಂದೀಗ ಗುಳಿಗಿ ಕೊಟ್ರ ಉಳೀತಾರೇನ್ರಿ? ಎಲ್ಲಾ ತಪ್ಪ ನಂದ..."

ಬೋರವ್ವ ಅವಳಿಗೆ ನೀರು ಕೊಟ್ಟಳು. ಕುಡಿಯುವವರೆಗೂ ಕಾದಳು.

"ಎಂಜಲಿಂದ ಬರೂದಿಲ್ಲ ತಂಗಿ. ಒಂದ ತಾಟಿನಾಗ ಉಂಡ್ರೂ ಬರೂದಿಲ್ಲ. ನೀ ಗುಳಿಗಿ ತಪ್ಪಿಸಿಲ್ಲ, ನಿನ್ನ ರಕ್ತದಾಗ ಅದು ಹುಡಕಿದ್ರೂ ಸಿಗಲಾರದಷ್ಟ ಕಡಿಮಿ ಆಗೇತಿ. ಹಿಂಗ ನಡಸಿಕೊಂಡ ಹೋದ್ರ ನಾಳೆ ಸಂಸಾರ ಮಾಡಿದ್ರೂ ಗಂಡಗ ದಾಟೂದಿಲ್ಲ."

"ಖರೇನ?"

"ಖರೇನ. ಮೊದಲ ದಿನಾನೂ ಹೇಳಿದ್ದೆ. ಅವತ್ತ ನೀ ಗ್ವಾಡಿ ನೋಡಾಕತ್ತಿದ್ದಿ. ಮತ್ತೊಮ್ಮೆ ಹೇಳಬೇಕಾಗಿತ್ತು ನಾ, ಹೇಳಲಿಲ್ಲ." ಬೋರವ್ವನ ತುಟಿಯಂಚು ಕುಣಿಯಿತು. "ಲಾಳಿ ಅಂದ್ಯಲ್ಲ... ಅಂವ ಚಿಮ್ಮಡದಾಂವ ಏನು?"

"ನಿಮಗ ಹ್ಯಾಂಗ...?"

"ನನ್ನ ತಮ್ಮ ಅಂವ. ಅಮಾಸಿಗೊಮ್ಮೆ ನನಗ ಬುತ್ತಿ ತರತಾನ. ಹೋದ ಅಮಾಸಿಗೆ ಯಾರೋ ಚೆಲ್ಲಿದ್ರಂತ, ನಾ ಉಪಾಸ ಇದ್ದೆ."

ವೈಶಾಲಿಯ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೆ ಬಂದು ಜಗಳವಾಡಿದವು. ಗೆದ್ದದ್ದು ಅಳುವೇ.

ಆ ಹೊತ್ತಿಗೆ ಡಾಕ್ಟರ್ ಭಕ್ತಿ ಬಂದರು. ಯಾಕೆ ಓಡಿಹೋದೆ ಎಂದು ಕೇಳಲಿಲ್ಲ. "ಇಲ್ಲೆ ಕುಂದರ್ಲ್ಯಾ?" ಎಂದು ಕೇಳಿ, ಅವಳು ತಲೆಯಾಡಿಸಿದ ಮೇಲೆ ಕೂತರು.

"ವೈಶಾಲಿ, ಮೊದಲ ಯಾವದರೆ ದವಾಖಾನ್ಯಾಗ ನಿಮಗ ತ್ರಾಸ ಆಗೇತೇನು? ಹೇಳಬೇಕಂತಿಲ್ಲ. ಹೇಳಿದ್ರ, ನಾ ಹ್ಯಾಂಗ ಇರಬೇಕು ಅನ್ನೂದು ನನಗ ತಿಳೀತೈತಿ."

ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ತವರಿನವರೂ ಕೇಳಿರಲಿಲ್ಲ.

ಇನ್ನು ಮುಂದಿನದಕ್ಕೆ ಉಪ್ಪು ಖಾರ ಹಚ್ಚುವ ಅಗತ್ಯವಿಲ್ಲ.

"ಹೆರಿಗಿ ಬ್ಯಾನಿ ಬಂದಿತ್ರಿ" ಎಂದಳು ವೈಶಾಲಿ. "ಗಂಡ ಅಷ್ಟೊತ್ತಿಗೆ ಮಣ್ಣಾಗಿದ್ದ. ರಕ್ತದ ರಿಪೋರ್ಟ ಬಂತು. ನರ್ಸ ಒಬ್ಬಾಕಿ ಬಾಗಲದಾಗ ನಿಂತು ವಾರ್ಡಿಗೆಲ್ಲಾ ಕೇಳೂಹಂಗ ಒದರಿದ್ಲು. ಎಲ್ಲಾರೂ ಚಟ್ ಚಟ್ ಅಂತ ಎರಡೆರಡ ಕೈಗವಸ ಹಾಕ್ಕೊಂಡ್ರು. ಕೈ ಹಿಡದ್ರು, ಕಾಲ ಹಿಡದ್ರು. ಅಲ್ಲಾಡಬ್ಯಾಡ, ನಿನ್ನ ರಕ್ತ ಸಿಡದೀತು ಅಂದ್ರು. ನಾ ಸಾಕ್ರಿ, ಸಾಕ್ರಿ ಅಂದೆ... ಯಾರೂ ಕೇಳಲಿಲ್ಲ. ಕೂಸು... ಅಳಲಿಲ್ಲ. ಆಮ್ಯಾಲ ನನ್ನ ಕೈಯಾಗ ಒಂದ ಅರಿವಿ ಕೊಟ್ರು. ನೆಲದ ಮ್ಯಾಲಿನ ನಿನ್ನ ರಕ್ತ ನೀನ ಒರಸು ಅಂದ್ರು. ಒರಸಿದೆ."

ಬೋರವ್ವ ಕಿಟಕಿಯತ್ತ ತಿರುಗಿದಳು.

'ಮರೆತುಬಿಡಿ' ಎನ್ನಲಿಲ್ಲ ಭಕ್ತಿ. ಹೇಳಿದ್ದು ಬೇರೆ: "ಅವರು ಮಾಡಿದ್ದು ದೊಡ್ಡ ತಪ್ಪು. ನೀವು ಓಡಿದ್ದು ತಪ್ಪಲ್ಲ. ಇವತ್ತ ತಪಾಸಣಿ ಬ್ಯಾಡಂದ್ರ ಬ್ಯಾಡ. ಮಾಡಸ್ತೀರಿ ಅಂದ್ರ ನಿಮ್ಮ ಹೇಳಿಕಿ ಪ್ರಕಾರ. ಒಂದ ಮಾತು ಕೊಡ್ತೇನಿ... ನೀವು ಸಾಕು ಅಂದ್ರ ನನ್ನ ಕೈ ಅಲ್ಲೇ ಕಲ್ಲಾಗತಾವ."

ವೈಶಾಲಿ ಪಕ್ಕದ ಖೋಲಿಯ ಬಾಗಿಲಿನತ್ತ ನೋಡಿದಳು. ಸೀರೆಯಲ್ಲಿ ರಕ್ತದ ಹಸಿ ಅಂಟುತ್ತಿತ್ತು.

"ಬಾಗಲಾ ನಾನ ಹಾಕ್ಕೊಳ್ಳಲ್ಯಾ?" ಎಂದಳು ಕೊನೆಗೆ.

"ನೀವ ಹಾಕ್ರಿ."

"ಬೋರಕ್ಕ ನನ್ನ ತಲಿ ಕಡೆ ನಿಂದರಲಿ. ಕಾಲ ಯಾರೂ ಹಿಡಿಬಾರ್ದು."

"ಯಾರೂ ಹಿಡಿಯೂದಿಲ್ಲ. ಕೈಗವಸ ಮಾತ್ರ ಹಾಕ್ಕೊಳ್ಳೇಬೇಕು. ಅದು ನಿಮಗ ಹೆದರಿ ಅಲ್ಲ, ಎಲ್ಲಾರಿಗೂ ಹಾಕ್ಕೊಳ್ಳೂದು. ಸಪ್ಪಳ ಆಗದಂಗ ಸಾವಕಾಶ ಹಾಕ್ಕೊಳ್ಳಲ್ಯಾ?"

"ಹೂಂ. ನನ್ನ ಕಣ್ಣ ಮುಂದ."

ಭಕ್ತಿ ಒಂದೊಂದೇ ಬೆರಳು ತೂರಿಸಿ ಹಾಕಿಕೊಂಡರು. ಆ ನಿಧಾನಕ್ಕೆ ಹೊರಗೆ ಎರಡು ಋತು ಬದಲಾಗಿರಬೇಕು. ಉಪಕರಣವನ್ನು ಮೊದಲು ಅವಳ ಕೈಗೇ ಕೊಟ್ಟರು. ಅವಳು ಅದನ್ನು ತಿರುಗಿಸಿ ನೋಡಿದಳು. ತಣ್ಣಗಿತ್ತು. ಬಿಸಿನೀರಲ್ಲಿ ಬೆಚ್ಚಗೆ ಮಾಡಿದರು.

"ಈಗ ತೊಡಿ ಮುಟ್ಟತೇನಿ. ಮುಟ್ಲ್ಯಾ?"

"ಹೂಂ."

ಬೆರಳು ತಾಗಿತಷ್ಟೇ.

"ಸಾಕು!"

ಕೈ ನಿಂತಿತು. ಗಾಳಿಯಲ್ಲಿ, ನಿಜಕ್ಕೂ ಕಲ್ಲಾಗಿ. ಭಕ್ತಿ ಹಿಂದೆ ಸರಿದು ಕೂತರು. ಯಾರೂ ಬೈಯಲಿಲ್ಲ. ಗಡಿಯಾರ ನೋಡಲಿಲ್ಲ.

ವೈಶಾಲಿ ಬಿಕ್ಕತೊಡಗಿದಳು. ಅಂದು ಯಾರೂ ಕೇಳದ ಮಾತನ್ನು ಇಂದು ಒಬ್ಬರು ಕೇಳಿದ್ದರು... ಒಂದೇ ಸಲ ಹೇಳಿದ್ದಕ್ಕೆ!

"ಮನಿಗಿ ಹೋಗ್ತಿಯೇನ ತಂಗಿ?" ಬೋರವ್ವ ಕಿವಿಯ ಬಳಿ ಕೇಳಿದಳು.

"ಇಲ್ಲ" ಎಂದಳು. ಮೂಗು ಒರೆಸಿಕೊಂಡಳು. "ಈಗ ನೋಡ್ರಿ ಡಾಕ್ಟರ್ ಬಾಯಾರ."

ನೋವಾಯಿತು. ನಡುವೆ ಮತ್ತೊಮ್ಮೆ ಸಾಕು ಎಂದಳು, ಮತ್ತೊಮ್ಮೆ ಅವರು ನಿಂತರು, ಮತ್ತೊಮ್ಮೆ ಅವಳೇ ಮುಂದುವರಿಸಲು ಹೇಳಿದಳು. ಮುಗಿದಾಗ ಮೈಯೆಲ್ಲ ಬೆವರು.

"ಒಂದು ಬಿಳಿ ಕಲೆ ಕಾಣಸತೈತಿ" ಎಂದರು ಭಕ್ತಿ, ಮುಚ್ಚಿಡದೆ. "ಕ್ಯಾನ್ಸರ್ ಆಗಿಲ್ಲ ಅಂತ ನನ್ನ ಅಂದಾಜು. ಖಾತ್ರಿಗೆ ಚೂರು ತಗದು ತಪಾಸಣಿಗೆ ಕಳಸೇನಿ. ಅದು ಬಂದ ಮ್ಯಾಲ ಕಾವು ಕೊಟ್ಟು ಸುಡಬೇಕಾಗತೈತಿ. ಅಂದ್ರ ನೀವು ಮುಂದಿನ ವಾರ ಇನ್ನೊಮ್ಮೆ ಬರಬೇಕು. ಆಮ್ಯಾಲನೂ ವರ್ಷಕ್ಕೊಮ್ಮೆ ತೋರಿಸಿಕೊಂಡ ಹೋಗಬೇಕು."

ಇನ್ನೊಮ್ಮೆ. ಹಳೆಯ ಭಯ ಮತ್ತೆ ತಲೆಯೆತ್ತಿತು. ಅದು ಒಂದು ದಿನಕ್ಕೆ ಹೋಗುವಂಥದ್ದಲ್ಲ. ಆದರೂ ಅವಳು ಸೀರೆ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ, ಅಗುಳಿಯನ್ನು ತಾನೇ ತೆಗೆದಳು.

*

ಕೆಳಗೆ ರಸ್ತೆಯಾಚೆಯ ಚಹಾದ ಅಂಗಡಿಯಲ್ಲಿ ಈಶ್ವರ ನಿಂತಿದ್ದ. ಅವಳನ್ನು ಕಂಡೊಡನೆ ಅವನ ಕಣ್ಣು ಆಕಾಶಕ್ಕೆ ಏರಿತು. ಅಲ್ಲಿ ಒಂದು ಕಾಗೆಯೂ ಇರಲಿಲ್ಲ.

ರಸ್ತೆ ದಾಟಿ ಅವಳೇ ಹೋದಳು.

"ಏನ ಐತ್ರಿ ಮ್ಯಾಲ?"

"ಏನಿಲ್ರಿ..." ಅವನು ತೊದಲಿದ. "ಅಕ್ಕಂದು ಕಟ್ಟಪ್ಪಣಿ. ದವಾಖಾನ್ಯಾಗ ಕಂಡವರನ್ನ ಅವರಾಗೆ ಮಾತಾಡಸೂತನಕ ಗುರ್ತ ಹಿಡಿಬಾರ್ದಂತ. ಯಾರ ಗುಟ್ಟ ಯಾರಿಂದ ಹೊರಗ ಬೀಳಬಾರ್ದಂತ."

"ಶೆಡ್ಡಿನಾಗ ಛಾವಣಿ ನೋಡಂತನೂ ಹೇಳಿದ್ಲೇನು?"

"ಇಲ್ಲ. ಅದು ನಂದ ಶಾಣ್ಯಾತನ. ನಿಮ್ಮನ್ನ ನೋಡಿದ್ರ ನನ್ನ ಮಾರಿ ಮ್ಯಾಲ ಎಲ್ಲಾ ಕಾಣತೈತಿ. ಹಣಮವ್ವ ಓದಿಬಿಡ್ತಾಳಂತ ಹೆದರಿದ್ದೆ."

"ನೀವು ನನಗ ಹೇಸಿದ್ರಿ ಅಂತ ತಿಳದಿದ್ದೆ."

ಈಶ್ವರ ಚಹಾದ ಲೋಟವನ್ನು ಕೆಳಗಿಟ್ಟ. "ಇಷ್ಟ ದಿನಾನೂ?"

"ಇಷ್ಟ ದಿನಾನೂ."

ಮಗ್ಗದ ಹೊಟ್ಟೆಯಲ್ಲಿನ ಪ್ರತಿ ಮೊಳೆಯ ಹೆಸರು ಬಲ್ಲವನಿಗೆ ಈ ಒಂದು ಕಡೆ ಕೈ ಹಾಕುವುದು ತಿಳಿಯಲಿಲ್ಲ. ಕೊನೆಗೆ ಹೇಳಿದ: "ತಪ್ಪಾತು. ನಿಮ್ಮನ್ನ ಕಾಯಬೇಕಂತ ಹೋಗಿ ನಿಮ್ಮನ್ನ ಒಬ್ಬಾಕಿನ್ನ ಮಾಡಿದೆ. ನನಗ ನೀವು ಬೇಕ್ರಿ, ವೈಶಾಲಿ. ಲಾಳಿ ಸಾಕ್ಷಿ ಅಂತ ಹಟಾ ಹಿಡಿಯೂದಿಲ್ಲ. ಬ್ಯಾಡ ಅಂದ್ರ ನಾಳಿಂದ ಬರೀ ಮಗ್ಗ ನೋಡ್ತೇನಿ."

"ನನಗ ಇದು ಇರೂದ ಗೊತ್ತಿದ್ದೂ?"

"ಅಕ್ಕನ ಕೂಡ ಒಂದ ತಾಟಿನಾಗ ಉಂಡ ಬೆಳದಾಂವ ನಾ."

"ಹೊಟ್ಯಾಗ ಒಂದ ಕಲೆ ಐತಂತ. ಏನಂತ ಇನ್ನೂ ಖಾತ್ರಿ ಇಲ್ಲ. ಮುಂದಿನ ವಾರ ಮತ್ತ ಅದ ಖೋಲಿಗಿ ಬಾ ಅಂದಾರ. ಕನಸಿನ್ಯಾಗ ಒದರತೇನಿ ನಾನು. ಒಮ್ಮೊಮ್ಮೆ ಯಾರರೆ ಮುಟ್ಟಿದ್ರ ಸಾಕು ಅಂತೇನಿ. ಯಾಕಂತ ಕೇಳಿದ್ರ ಹೇಳಾಕ ಬರೂದಿಲ್ಲ."

"ನೀವು ಸಾಕು ಅಂದಲ್ಲೇ ಸಾಕು. ಯಾಕಂತ ಕೇಳೂದಿಲ್ಲ."

ಜಮಖಂಡಿಯ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಗುಡುಗುತ್ತ ಹೋಯಿತು. ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು.

"ಮುಂದಿನ ವಾರ ಬರ್ತೀರೇನು?" ಕೇಳಿದಳು.

"ಮುಂಜಾನೆನ ಬಂದು ಇಲ್ಲೇ ನಿಂದರ್ತೇನಿ. ಹೊರಗ."

"ಹೊರಗಲ್ಲ." ಅವಳು ಮೇಲಿನ ಮಹಡಿಯತ್ತ ನೋಡಿದಳು. "ಡಾಕ್ಟರ್ ಬಾಯಾರ್ನ ಕೇಳ್ತೇನಿ. ಒಳಗ ಬರ್ರಿ. ನನ್ನ ತಲಿ ಕಡೆ ನಿಂದರ್ರಿ."

"ಖರೇ ಹೇಳ್ಲ್ಯಾ? ದವಾಖಾನಿ ವಾಸನಿಗೇ ನನಗ ತಲಿ ತಿರಗತೈತಿ. ಅದಕ್ಕ ಅಕ್ಕನ ಬುತ್ತಿ ಮೆಟ್ಟಿಲ ಮ್ಯಾಲ ಕೊಟ್ಟ ಓಡಿ ಹೋಗ್ತೇನಿ. ಬಿದ್ದಗಿದ್ದೇನಿ..."

"ಹಂಗಾರ ಇಬ್ಬರೂ ಹೆದರೂಣು" ಎಂದಳು ವೈಶಾಲಿ. "ಕಣ್ಣ ಮುಚ್ಚಿಕೊಂಡ ನಿಂದರ್ರಿ. ಕೈ ಅಷ್ಟ ಕೊಡ್ರಿ."

ಅವನು ಎಣ್ಣೆಯ ಕಲೆಯಿದ್ದ ಅಂಗೈಯನ್ನು ಚಾಚಿದ. ಮುಂದಿನ ವಾರದವರೆಗೆ ಕಾಯಲಿಲ್ಲ ಅವಳು.